ಗೇರುಸೊಪ್ಪೆಯಲ್ಲಿ ಮುಪ್ಪಾದ ಪರದೇಶಿ ಯಾರು?

ಹೋದ ತಿಂಗಳು ನನಗೊಂದು ವಿಚಿತ್ರ ಮೇಲ್ ಬಂತು. ಕಳಿಸಿದವರು ನಮ್ಮ ಹಳೇ ಪ್ರಾಜೆಕ್ಟಿನಲ್ಲಿ ಕ್ಲೈಂಟ್ ಕಡೆ ಮ್ಯಾನೇಜರ್ ಆಗಿದ್ದ ಇಂಗ್ಲೆಂಡಿನ ಒಬ್ಬರು. ಅರವತ್ತೈದು ದಾಟಿದೆ, ಹೆಂಡತಿ ತೀರಿಕೊಂಡಿದ್ದಾರೆ, ಈಗ ನಿವೃತ್ತರು. ಎರಡು ವರ್ಷದ ಹಿಂದೆ ಗೋಕರ್ಣಕ್ಕೆ ಬಂದವರು ನನ್ನ ಮಾತು ಕೇಳಿ ಗೇರುಸೊಪ್ಪೆಗೂ ಹೋಗಿದ್ದರು. ಈಗ ಅವರ ಪ್ರಶ್ನೆ ಇದು: ನಿಮ್ಮೂರ ಹೊಳೆದಂಡೆಯಲ್ಲಿ ಒಂದು ಮನೆ ಬಾಡಿಗೆಗೆ ಹಿಡಿದು ಉಳಿದ ಆಯುಷ್ಯ ಕಳೆಯಬಹುದಾ? ಹಿಂದೆ ನನ್ನಂಥವರು ಯಾರಾದರೂ ಹಾಗೆ ಮಾಡಿದ್ದಾರಾ?

ಮೊದಲನೆಯದಕ್ಕೆ ಉತ್ತರ ಸುಲಭ. ನಿವೃತ್ತರಿಗೆ ಅಂತಲೇ ನಮ್ಮ ದೇಶದಲ್ಲಿ ಪ್ರತ್ಯೇಕ ವೀಸಾ ಇಲ್ಲ, ಟೂರಿಸ್ಟ್ ವೀಸಾದಲ್ಲಿ ಬಂದು ಹೋಗುತ್ತಿರಬೇಕು. ಎರಡನೆಯದು ಮಾತ್ರ ತಲೆಯಲ್ಲೇ ಕೂತುಬಿಟ್ಟಿತು. ಹೊನ್ನಾವರ, ಭಟ್ಕಳ, ಗೇರುಸೊಪ್ಪೆ ಅಂದರೆ ಕಾಳುಮೆಣಸಿನ ಆಸೆಗೆ ಅರ್ಧ ಪ್ರಪಂಚವೇ ಬಂದು ಹೋದ ಜಾಗ. ಬಂದವರಲ್ಲಿ ಇಲ್ಲೇ ಮುದುಕರಾದವರು ಯಾರು? ಶನಿವಾರ ಭಾನುವಾರ ಕೂತು ಓದತೊಡಗಿದೆ.

ಮೊದಲು ಸಿಕ್ಕವನು ಇಬ್ನ್ ಬತೂತ. ಮೊರೊಕ್ಕೋದವನು, ಹುಟ್ಟಿದ್ದು 1304ರಲ್ಲಿ. ದೆಹಲಿ ಸುಲ್ತಾನನ ಕಡೆಯಿಂದ ಚೀನಾಕ್ಕೆ ರಾಯಭಾರಿಯಾಗಿ 1342ರಲ್ಲಿ ಹೊರಟವನು ದಾರಿಯಲ್ಲಿ ಹೊನ್ನಾವರಕ್ಕೆ ಬಂದ. ಅಲ್ಲಿ ಜಮಾಲುದ್ದೀನ್ ಎಂಬ ಸುಲ್ತಾನನಿದ್ದ. ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆ ಇದ್ದವು ಅಂತ ಬತೂತ ಬರೆದಿದ್ದಾನೆ. ಹೆಣ್ಣುಮಕ್ಕಳಿಗೆ 13 ಶಾಲೆ, ಹದಿನಾಲ್ಕನೇ ಶತಮಾನದಲ್ಲಿ!

ನನಗೆ ಅದಕ್ಕಿಂತ ಇಷ್ಟವಾದದ್ದು ಅವನ ಊಟದ ವರ್ಣನೆ. ತಾಮ್ರದ ತಟ್ಟೆ ಇಡುತ್ತಾರೆ, ದೊಡ್ಡ ಸೌಟಿನಲ್ಲಿ ಅನ್ನ ಬಡಿಸುತ್ತಾರೆ, ಮೇಲೆ ತುಪ್ಪ. ಪಕ್ಕದಲ್ಲಿ ಮೆಣಸು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಆಮೇಲೆ ಕೋಳಿ, ಮತ್ತೆ ಅನ್ನ, ಆಮೇಲೆ ತರಕಾರಿ. ಕೊನೆಗೆ ಹುಳಿ ಮೊಸರಿನದೇನೋ ಬರುತ್ತದೆ, ಅದು ಬಂತೆಂದರೆ ಊಟ ಮುಗಿಯಿತು ಅಂತ ಅರ್ಥವಂತೆ. ಕುಡಿಯಲು ಬಿಸಿನೀರು, ಯಾಕೆಂದರೆ ಮಳೆಗಾಲದಲ್ಲಿ ತಣ್ಣೀರು ಆಗಿಬರುವುದಿಲ್ಲ. ಕೋಳಿಯೊಂದನ್ನು ಬಿಟ್ಟರೆ ಇದು ನಮ್ಮ ಮನೆಯ ಊಟವೇ. ಏಳುನೂರು ವರ್ಷವಾಯಿತು, ಮಜ್ಜಿಗೆ ಬಂದ ಮೇಲೆ ಎಲೆ ಮಡಚುವುದು ತಪ್ಪಿಲ್ಲ :)

ಆದರೆ ಗಮನಿಸಿ. ಇನ್ನೊಂದು ಸಲ ಬಂದಾಗ ಇದೇ ಸುಲ್ತಾನನ ಬಳಿ ಹನ್ನೊಂದು ತಿಂಗಳಿದ್ದೆ, ರೊಟ್ಟಿಯ ಮುಖ ನೋಡಲಿಲ್ಲ ಅನ್ನುತ್ತಾನೆ. ಮುಂದೆ ಮಾಲ್ಡೀವ್ಸ್, ಸಿಂಹಳ, ಮಲಬಾರ್ ಸುತ್ತುತ್ತಾ ಬರೀ ಅನ್ನವೇ ಗತಿಯಾಗಿ, ಕೊನೆಗೆ ನೀರಿನ ಜೊತೆ ಅಲ್ಲದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ. ಜಗತ್ತು ಸುತ್ತಿದವನಿಗೂ ಸಾಕಾದದ್ದು ಕಳ್ಳರೂ ಅಲ್ಲ, ಬಿರುಗಾಳಿಯೂ ಅಲ್ಲ, ದಿನಾ ಅದೇ ಅನ್ನ. ಆನ್‌ಸೈಟ್ ಹೋಗಿ ಮೂರನೇ ವಾರಕ್ಕೆ ಸ್ಯಾಂಡ್‌ವಿಚ್ ಕಂಡರೆ ಮುಖ ತಿರುಗಿಸಿದವರಿಗೆ ಇದು ಅರ್ಥವಾಗುತ್ತದೆ. ಬತೂತ ವಾಪಸ್ ಹೋದ. ಸತ್ತದ್ದು ತನ್ನ ಮೊರೊಕ್ಕೋದಲ್ಲೇ.

ಎರಡನೆಯವನು ರೋಮಿನ ಪಿಯೆತ್ರೊ ದೆಲ್ಲಾ ವಾಲೆ. ಇವನಿಗೆ ವ್ಯಾಪಾರವಿಲ್ಲ, ನೌಕರಿಯಿಲ್ಲ, ಸ್ವಂತ ದುಡ್ಡಿನಲ್ಲಿ ಊರು ನೋಡುವವನು. ನಮ್ಮ ಇಂಗ್ಲೆಂಡಿನವರಿಗೆ ತೀರಾ ಹತ್ತಿರದ ಪೂರ್ವಜ ಬೇಕೆಂದರೆ ಇವನೇ, ಆದರೆ ಇವನಿಗಾಗ 37 ವರ್ಷ. ಬಾಗ್ದಾದಿನಲ್ಲಿ ಮದುವೆಯಾದ ಹೆಂಡತಿ ಸಿತ್ತಿ ಮಾನಿ 1621ರಲ್ಲಿ ಪರ್ಶಿಯಾದಲ್ಲಿ ತೀರಿಕೊಂಡಳು. ಅವಳನ್ನು ಅಲ್ಲಿ ಹೂಳಲು ಇವನಿಗೆ ಮನಸ್ಸಾಗಲಿಲ್ಲ. ಶವ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಭಾರತದ ಮೇಲೆ ಹಾದು ಕೊನೆಗೆ ರೋಮಿನ ತನ್ನ ಮನೆತನದ ಸಮಾಧಿಗೆ ಒಯ್ದ. ಪರದೇಶದ ಮಣ್ಣಿನಲ್ಲಿ ತನ್ನವರನ್ನು ಬಿಡಲಾರೆ ಎಂಬ ಹಟ ಅಷ್ಟಿತ್ತು.

ಅವನು 1623ರಲ್ಲಿ ಗೋವಾದ ಪೋರ್ಚುಗೀಸರ ರಾಯಭಾರಿಯ ಜೊತೆ ಇಕ್ಕೇರಿಯ ವೆಂಕಟಪ್ಪ ನಾಯಕನನ್ನು ಕಾಣಲು ಹೊರಟ. ಹೊನ್ನಾವರದಿಂದ ಶರಾವತಿಯಲ್ಲಿ ದೋಣಿ, ಗೇರುಸೊಪ್ಪೆಯಿಂದ ಮುಂದೆ ಘಟ್ಟ ಹತ್ತಬೇಕು. ಅಂಥ ಚೆಲುವಾದ ಹೊಳೆ ನೋಡಿಯೇ ಇಲ್ಲ ಎಂಬಷ್ಟು ಹೊಗಳಿದ್ದಾನೆ. ಆದರೆ ಗೇರುಸೊಪ್ಪೆಯಲ್ಲಿ ಇಳಿದು ನೋಡಿದರೆ ಊರೇ ಇಲ್ಲ! ಅರಮನೆ ಇದ್ದ ಕಡೆ ಮರ ಬೆಳೆದಿದೆ, ಒಂದಿಷ್ಟು ಗುಡಿಸಲು, ಅಷ್ಟೆ. ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆಯುತ್ತಿದ್ದ ಚೆನ್ನಭೈರಾದೇವಿ 1552ರಿಂದ 1606ರವರೆಗೆ, ಐವತ್ತನಾಲ್ಕು ವರ್ಷ, ಆಳಿದ ರಾಜಧಾನಿ ಅದು. ಕೆಳದಿಯವರಿಗೆ ಸೋತು ಹದಿನೇಳೇ ವರ್ಷದಲ್ಲಿ ಕಾಡು ನುಂಗಿತ್ತು. ನಗರಬಸ್ತಿಕೇರಿಯ ಚತುರ್ಮುಖ ಬಸದಿಗೆ ಹೋದವರಿಗೆ ಗೊತ್ತು, ನಾಲ್ಕು ದಿಕ್ಕಿಗೂ ಬಾಗಿಲಿಟ್ಟ ಆ ಬಸದಿಯ ಸುತ್ತ ಈಗಲೂ ಕಾಡೇ.

ದೆಲ್ಲಾ ವಾಲೆಯ ಕಿವಿಗೆ ಬಿದ್ದ ಕಥೆ ಬೇರೆ: ರಾಣಿ ಯಾರೋ ಕೀಳು ಕುಲದ ಪರದೇಶಿಯೊಬ್ಬನನ್ನು ಪ್ರೀತಿಸಿ ರಾಜ್ಯವನ್ನೇ ಒಪ್ಪಿಸಿದಳು, ಅವನು ತಿರುಗಿಬಿದ್ದ, ಜಗಳದಲ್ಲಿ ವೆಂಕಟಪ್ಪ ನಾಯಕ ಎಲ್ಲವನ್ನೂ ನುಂಗಿದ. ನನಗಂತೂ ಇದು ಗೆದ್ದವರ ಕಡೆಯಿಂದ ಹರಿದುಬಂದ ಮಾತು ಅನ್ನಿಸುತ್ತದೆ. ಐವತ್ತು ವರ್ಷ ಮೆಣಸಿನ ವ್ಯಾಪಾರ ಹಿಡಿದು ಆಳಿದ ಹೆಂಗಸು ಮುಪ್ಪಿನಲ್ಲಿ ಪ್ರೀತಿಗೆ ಬಿದ್ದು ಹಾಳಾದಳು ಅಂದರೆ ಕೇಳುವವರಿಗೆ ಖುಷಿ. ಅವಳು ಸತ್ತದ್ದು ತನ್ನ ಊರಿಂದ ದೂರ, ಕೆಳದಿಯವರ ಸೆರೆಯಲ್ಲಿ. ಈ ಕಥೆಯಲ್ಲೆಲ್ಲ ನನಗೆ ಸಿಕ್ಕ ಒಬ್ಬರೇ ವಯಸ್ಸಾದವರು ಆಕೆ, ಪರದೇಶಿಯೂ ಅಲ್ಲ!

ಮತ್ತೆ ದೆಲ್ಲಾ ವಾಲೆಗೆ ಬರೋಣ. ಸಗಣಿ ಸಾರಿಸಿದ ನೆಲ ನೋಡಿ ಬೆರಗಾದ. ಇಷ್ಟು ಚೊಕ್ಕ, ಪ್ಲೇಗಿಗೂ ಒಳ್ಳೆಯದಂತೆ, ಇಟಲಿಗೆ ಹೋಗಿ ಮಾಡಿ ನೋಡಬೇಕು ಅಂತ ಬರೆದುಕೊಂಡ. ಘಟ್ಟದ ದಾರಿಯಲ್ಲಿ ನಾಲ್ಕು ಹುಡುಗರು ಮೇಷ್ಟ್ರಿಲ್ಲದೆ, ನೆಲದ ಮೇಲೆ ಮರಳು ಹರಡಿ, ಹಾಡುತ್ತಾ ಬೆರಳಲ್ಲಿ ಲೆಕ್ಕ ಬರೆಯುವುದನ್ನು ನಿಂತು ನೋಡಿದ. ಇಷ್ಟೆಲ್ಲ ಪ್ರೀತಿಯಿಂದ ನೋಡಿದವನೂ ಉಳಿಯಲಿಲ್ಲ. ಹನ್ನೆರಡು ವರ್ಷದ ತಿರುಗಾಟ ಮುಗಿಸಿ 1626ರಲ್ಲಿ ರೋಮ್ ಸೇರಿದ, ಅಲ್ಲೇ 1652ರಲ್ಲಿ ಸತ್ತ.

ಉಳಿಯಲು ಬಂದವರ ಕಥೆ ಭಟ್ಕಳದಲ್ಲಿದೆ. 1637ರಲ್ಲಿ ಇಂಗ್ಲೆಂಡಿನ ಕೋರ್ಟೀನ್ ಎಂಬುವನ ಕಂಪನಿ ಅಲ್ಲಿ ಮೆಣಸಿನ ಕೋಠಿ ತೆರೆಯಿತು. ಅದರ ಗುರುತಾಗಿ ಉಳಿದದ್ದು ಮೂರು ಗೋರಿ. ಇಬ್ಬರು ವ್ಯಾಪಾರಿಗಳು, ಮತ್ತೊಬ್ಬ ವಿಲಿಯಂ ಬಾರ್ಟನ್, ಸತ್ತದ್ದು 1638ರಲ್ಲಿ. ಬಾರ್ಟನ್ ಯಾರು ಗೊತ್ತಾ? ಅವರ ಡಾಕ್ಟರು. ಮುಂಗಾರು ಒಂದೆರಡು ಕಳೆಯುವುದರೊಳಗೆ ಔಷಧಿ ಕೊಡುವವನೇ ಹೋಗಿದ್ದ.

ಮುಂದೆ 1801ರಲ್ಲಿ ಹೊನ್ನಾವರಕ್ಕೆ ಬಂದ ಫ್ರಾನ್ಸಿಸ್ ಬುಕಾನನ್ ಕೂಡ ಡಾಕ್ಟರೇ. ಅವನು ಜಾಣ, ನಿವೃತ್ತನಾಗಿ ಸ್ಕಾಟ್ಲೆಂಡಿಗೆ ಹೋಗಿ 1829ರವರೆಗೆ ಬದುಕಿದ. ಇಲ್ಲೇ ಪೆನ್ಶನ್ ತಿನ್ನುತ್ತಾ ಉಳಿದ ಬಿಳಿಯರೂ ಕರಾವಳಿ ಬೇಡವೆಂದು ಬೆಂಗಳೂರು ದಂಡು, ನೀಲಗಿರಿ ಅಂತ ತಂಪು ಹುಡುಕಿ ಹೋದರು. ನಾನು ದಿನಾ ಟ್ರಾಫಿಕ್ಕಿನಲ್ಲಿ ಬೇಯುವ ವೈಟ್‌ಫೀಲ್ಡ್ ಇದೆಯಲ್ಲ, ಅದೂ 1882ರಲ್ಲಿ ಮೈಸೂರು ಮಹಾರಾಜರು ಆಂಗ್ಲೋ ಇಂಡಿಯನ್ನರಿಗೆ ಕೊಟ್ಟ ಜಮೀನಿನಲ್ಲಿ ಎದ್ದ ಊರು. ನೆಮ್ಮದಿಯಾಗಿ ಬದುಕಲು ಕಟ್ಟಿದ ಊರಂತೆ!

ಹಾಗಾದರೆ ನಮ್ಮ ಕಡೆ ಉಳಿದವರೇ ಇಲ್ಲವಾ? ಇದ್ದಾರೆ. ಕುದುರೆ ತಂದು ಮೆಣಸು ಒಯ್ಯುತ್ತಿದ್ದ ಅರಬರು, ಪರ್ಶಿಯನ್ನರು ಇಲ್ಲಿಯ ಹೆಣ್ಣುಮಕ್ಕಳನ್ನು ಮದುವೆಯಾದರು, ಕೊಂಕಣಿಯನ್ನೇ ತಮ್ಮ ಮಾತಾಗಿಸಿಕೊಂಡರು, ಅಜ್ಜಂದಿರಾದರು. ಭಟ್ಕಳದ ನವಾಯತರು ಅವರ ಸಂತತಿ. ಅವರನ್ನು ಈಗ ಪರದೇಶಿ ಅನ್ನುವ ಹಾಗೇ ಇಲ್ಲ. ಈಗ ಅವರ ಮಕ್ಕಳು ದುಬೈಗೆ ದುಡಿಯಲು ಹೋಗಿ, ವಯಸ್ಸಾದ ಮೇಲೆ ಭಟ್ಕಳಕ್ಕೆ ವಾಪಸ್ ಬರುತ್ತಾರೆ.

ಇದನ್ನೆಲ್ಲ ಆ ಹಿರಿಯರಿಗೆ ಬರೆದು ಕಳಿಸಿದೆ. ದೊಡ್ಡ ಕಾಯಿಲೆ ಬಂದರೆ ನಮ್ಮವರೇ ಮಣಿಪಾಲಕ್ಕೋ ಮಂಗಳೂರಿಗೋ ಓಡುತ್ತಾರೆ, ಕರೆದುಕೊಂಡು ಹೋಗಲು ಮನೆಯಲ್ಲಿ ಯಾರಾದರೂ ಇರಬೇಕು ಅಂತಲೂ ಸೇರಿಸಿದೆ. ಕಳಿಸಿದ ಮೇಲೆ ಆ ಸಾಲು ನನಗೇ ಚುಚ್ಚಿತು. ಹೊನ್ನಾವರದ ಮನೆಯಲ್ಲಿ ಅಪ್ಪಯ್ಯ, ಆಯಿ ಇಬ್ಬರೇ ಇದ್ದಾರೆ, ನಾನಿರುವುದು ಇಲ್ಲಿ.

ರಾತ್ರಿ ಆಯಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಬತೂತನ ಕಥೆ ಕೇಳಿ ನಕ್ಕಳು. "ಅವರಿಗೆ ಗಂಜಿ, ಉಪ್ಪಿನಕಾಯಿ ಸೇರ್ತಡ ಕೇಳು. ಸೇರ್ತು ಅಂದ್ರೆ ಬರ್ಲಿ, ನಮ್ಮ ಹಿತ್ತಲ ಕಡೆ ಕೋಣೆ ಖಾಲಿನೇ ಇದ್ದು" ಅಂದಳು. ಅದು ನನ್ನ ಕೋಣೆ. ಅದನ್ನೂ ಅವರಿಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ.

ಅಂದ ಹಾಗೆ, ಭಟ್ಕಳದ ಕಡೆಯ ಗೆಳೆಯರು ಯಾರ ಹತ್ತಿರವಾದರೂ ಆ ಮೂರು ಗೋರಿಗಳ ಒಳ್ಳೇ ಫೋಟೋ ಇದ್ದರೆ ನಿಮ್ಮ ಬ್ಲಾಗಿನಲ್ಲಿ ಹಾಕಿ, ನೋಡಬೇಕು.