ಹವಾನಾದ ಗುರುವೂ ಗಾಲ್ವೆಸ್ಟನ್ನಿನ ಚಂಡಮಾರುತವೂ

ಸಿಲೋವದ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಇತರರಿಗಿಂತ ಹೆಚ್ಚು ಪಾಪಿಗಳಲ್ಲವೆಂದು ಕರ್ತನು ಸ್ಪಷ್ಟವಾಗಿ ತಿಳಿಸಿದನು. ಆದರೂ ಬಿರುಗಾಳಿ ಊರನ್ನು ನೆಲಸಮ ಮಾಡಿದಾಗಲೆಲ್ಲ ಅದನ್ನು ದೈವಶಿಕ್ಷೆಯೆಂದು ಕರೆಯುವವರು ನಮ್ಮ ನಡುವೆ ಇದ್ದೇ ಇರುತ್ತಾರೆ. ಅಂಥ ತೀರ್ಪಿಗೆ ಮೊದಲು ಚರಿತ್ರೆಯನ್ನು ವಿಚಾರಿಸುವುದು ನಮಗೆ ಹಿತ.

ಅಟ್ಲಾಂಟಿಕ್ ಕಡಲಿನವರು ಹರಿಕೇನ್ ಎನ್ನುವುದೂ ನಾವು ಚಂಡಮಾರುತವೆನ್ನುವುದೂ ಒಂದೇ ಬಗೆಯ ಗಾಳಿ. ಬೆಚ್ಚನೆಯ ಕಡಲಿನಿಂದ ಮೇಲೇರಿದ ನೀರಾವಿಯು ಮೋಡವಾಗುವಾಗ ಹೊರಬರುವ ಶಾಖವೇ ಅದರ ಬಲ. ನಡುವೆ ವಾಯುಭಾರ ಕುಸಿಯುತ್ತದೆ. ಅತ್ತ ನುಗ್ಗುವ ಗಾಳಿಯು ಭೂಮಿಯ ಭ್ರಮಣದಿಂದ ಸುಳಿಯಾಗಿ ತಿರುಗುತ್ತದೆ. ಆ ಗಾಳಿ ದಡಕ್ಕೆ ತಳ್ಳುವ ಸಮುದ್ರದ ನೀರು ಗಾಳಿಗಿಂತಲೂ ಘಾತಕ.

ಇದರ ಮುನ್ಸೂಚನೆಯ ಚರಿತ್ರೆಯಲ್ಲಿ ಯೇಸುಸಭೆಯ ಗುರು ಬೆನಿಟೊ ವಿನ್ಯೆಸ್ ಅವರಿಗೆ ಹಿರಿಯ ಸ್ಥಾನವಿದೆ. 1870ರಲ್ಲಿ ಅವರು ಕ್ಯೂಬಾದ ಹವಾನಾ ನಗರದ ಬೆಲೆನ್ ಕಾಲೇಜಿನ ವೀಕ್ಷಣಾಲಯದ ಹೊಣೆ ಹೊತ್ತರು. ವಾಯುಭಾರವನ್ನೂ ಬೇರೆಬೇರೆ ಎತ್ತರದ ಮೋಡಗಳ ಚಲನೆಯನ್ನೂ ದಿನದಿನವೂ ದಾಖಲಿಸಿದರು. ಎತ್ತರದ ತೆಳುಮೋಡಗಳ ಎಳೆಗಳು ದೂರದ ಚಂಡಮಾರುತದ ದಿಕ್ಕನ್ನು ತೋರುತ್ತವೆಂದು ಕಂಡುಕೊಂಡರು. 1875ರ ಸೆಪ್ಟೆಂಬರ್ 11ರಂದು ಅವರು ಕೊಟ್ಟ ಎಚ್ಚರಿಕೆಯನ್ನು ಹವಾನಾದ ಪತ್ರಿಕೆಗಳು ಪ್ರಕಟಿಸಿದವು. ಎರಡು ದಿನಗಳಲ್ಲಿ ಗಾಳಿ ಕ್ಯೂಬಾದ ದಕ್ಷಿಣ ಭಾಗವನ್ನು ಅಪ್ಪಳಿಸಿತು. 1893ರಲ್ಲಿ ಅವರು ತೀರಿಕೊಂಡ ಬಳಿಕವೂ ಆ ಕೆಲಸ ನಿಲ್ಲಲಿಲ್ಲ.

1898ರ ಯುದ್ಧದ ತರುವಾಯ ಕ್ಯೂಬಾ ಅಮೆರಿಕದ ಆಡಳಿತಕ್ಕೆ ಒಳಪಟ್ಟಿತು. ಅಲ್ಲಿನ ವೀಕ್ಷಕರನ್ನು ಅಮೆರಿಕದ ಹವಾಮಾನ ಅಧಿಕಾರಿಗಳು ಹಗುರಾಗಿ ಕಂಡರು. 1900ರಲ್ಲಿ ಅವರ ಹವಾಮಾನದ ತಂತಿಗಳಿಗೂ ಅಡ್ಡಿ ಬಂದಿತು. ಅದೇ ಸೆಪ್ಟೆಂಬರಿನಲ್ಲಿ ಕ್ಯೂಬಾವನ್ನು ದಾಟಿದ ಗಾಳಿಯು ಪಶ್ಚಿಮಕ್ಕೆ, ಮೆಕ್ಸಿಕೊ ಕೊಲ್ಲಿಯೊಳಕ್ಕೆ ಸಾಗುವುದೆಂದು ಹವಾನಾದವರು ಎಣಿಸಿದರು. ಅದು ಉತ್ತರಕ್ಕೆ ತಿರುಗುವುದೆಂದು ವಾಷಿಂಗ್ಟನ್ ನಂಬಿತು. ಟೆಕ್ಸಾಸಿನ ಗಾಲ್ವೆಸ್ಟನ್ನಿನಲ್ಲಿ 7ರಂದು ಎಚ್ಚರಿಕೆಯ ಬಾವುಟ ಏರಿತಾದರೂ ಬಹುಜನರು ದ್ವೀಪವನ್ನು ಬಿಡಲಿಲ್ಲ. ಸೆಪ್ಟೆಂಬರ್ 8ರಂದು ಮೂರು ಮೀಟರಿನಷ್ಟೂ ಎತ್ತರವಿಲ್ಲದ ಆ ದ್ವೀಪದ ಮೇಲೆ ಕಡಲು ಹರಿಯಿತು. ಸತ್ತವರು 6,000ಕ್ಕೂ ಹೆಚ್ಚು. ಸೇಂಟ್ ಮೇರೀಸ್ ಅನಾಥಾಶ್ರಮದ ಹತ್ತು ಮಂದಿ ಕನ್ಯಾಸ್ತ್ರೀಯರು ಮಕ್ಕಳನ್ನು ಹಗ್ಗದಿಂದ ತಮ್ಮ ನಡುವಿಗೆ ಕಟ್ಟಿಕೊಂಡರು. ಅವರೂ ತೊಂಬತ್ತು ಮಕ್ಕಳೂ ನೀರುಪಾಲಾದರು. ಮೂವರು ಹುಡುಗರು ಮಾತ್ರ ಬದುಕುಳಿದರು.

ದೊಡ್ಡ ಬಂದರಾಗಿದ್ದ ಗಾಲ್ವೆಸ್ಟನ್ ತಡೆಗೋಡೆ ಕಟ್ಟಿತು, ನೆಲವನ್ನೇ ಎತ್ತರಿಸಿತು. ಆದರೂ ಒಳನಾಡಿನ ಹೂಸ್ಟನ್ 1914ರಲ್ಲಿ ಹಡಗುಗಾಲುವೆಯನ್ನು ತೆರೆದು ಅದನ್ನು ಹಿಂದೆ ಹಾಕಿತು.

ಹವಾನಾದ ಮಾತನ್ನು ಕೇಳಿದ್ದರೆ ಎಲ್ಲರೂ ಉಳಿಯುತ್ತಿದ್ದರೆಂದು ನಾವು ಹೇಳಲಾರೆವು. ಆದರೆ ಕೇಳದೆಹೋದದ್ದು ಗಾಳಿಯ ಕೃತ್ಯವಲ್ಲ, ಮನುಷ್ಯರದು. ಅದನ್ನು ದೇವರ ಮೇಲೆ ಹೊರಿಸಿದರೆ ನಮ್ಮ ಪಶ್ಚಾತ್ತಾಪಕ್ಕೆ ಎಡೆಯೇ ಉಳಿಯುವುದಿಲ್ಲ. ಸೃಷ್ಟಿಯನ್ನು ತಾಳ್ಮೆಯಿಂದ ಅರಿಯುವುದೂ, ಅರಿತವನು ಯಾವ ನಾಡಿನವನಾದರೂ ಅವನ ಮಾತಿಗೆ ಕಿವಿಗೊಡುವುದೂ ನೆರೆಯವನ ಪ್ರೀತಿಯಲ್ಲಿ ಸೇರಿವೆ ಎಂದು ನಾವು ಬೋಧಿಸಬೇಕಾಗಿದೆ.