ಪರರಾಷ್ಟ್ರದ ಪ್ರಚಾರ, ಸ್ವದೇಶದ ವೇದಿಕೆ

ಪರರಾಷ್ಟ್ರದಲ್ಲಿ ಹುಟ್ಟಿದ ಪ್ರಚಾರವು ಸ್ವದೇಶದ ರಾಜಕಾರಣಿಗಳ ಮಾತಿನೊಳಕ್ಕೆ ಹೇಗೆ ಪ್ರವೇಶಿಸುತ್ತದೆಂಬ ಪ್ರಶ್ನೆಯನ್ನು ವಿದ್ವಾಂಸರು ಶಾಸ್ತ್ರೀಯವಾಗಿ ವಿಚಾರಿಸತೊಡಗಿದುದು ಮೊದಲನೆಯ ಮಹಾಯುದ್ಧದ ತರುವಾಯ. ಆ ಯುದ್ಧದ ತಂತ್ರಗಳನ್ನು 1927ರ ತನ್ನ ಗ್ರಂಥದಲ್ಲಿ ವಿಶ್ಲೇಷಿಸಿದ ಹೆರಾಲ್ಡ್ ಲಾಸ್ವೆಲ್, ಪ್ರಚಾರವನ್ನು ಸೈನ್ಯಬಲ ಮತ್ತು ಅರ್ಥಬಲಗಳ ಪಕ್ಕದಲ್ಲಿಯೇ ನಿಲ್ಲಿಸಿದನು. 1924ರ ಅಕ್ಟೋಬರ್ 25ರಂದು, ಚುನಾವಣೆಗೆ ನಾಲ್ಕೇ ದಿನಗಳಿರುವಾಗ, ಮಾಸ್ಕೋದ ಕಮ್ಯುನಿಸ್ಟ್ ನಾಯಕ ಜಿನೋವಿಯೆವ್ ಬರೆದುದೆಂಬ ಕೃತ್ರಿಮ ಪತ್ರವೊಂದು ಲಂಡನ್ನಿನ 'ಡೈಲಿ ಮೇಲ್'ನಲ್ಲಿ ಅಚ್ಚಾಗಿ, ಲೇಬರ್ ಪಕ್ಷದ ವಿರುದ್ಧ ಅಸ್ತ್ರವಾಗಿ ಬಳಕೆಯಾದುದನ್ನು ಕಂಡಿದ್ದ ಕಾಲಕ್ಕೆ ಅಂತಹ ಭಾವನೆ ಸಹಜವೇ ಆಗಿದ್ದಿತು.

ಆದರೆ ಈ ವಿಷಯದ ಮರ್ಮವನ್ನು ಬಯಲಿಗೆಳೆದುದು ಜಾರ್ಜ್ ಸಿಲ್ವೆಸ್ಟರ್ ವೀರೆಕ್‌ನ ಪ್ರಕರಣವೆಂದು ನನ್ನ ಎಣಿಕೆ. ಜರ್ಮನಿಯಿಂದ ವೇತನ ಪಡೆಯುತ್ತಿದ್ದ ಈ ಅಮೆರಿಕನ್ ಲೇಖಕನು, ಅಮೆರಿಕೆಯು ಎರಡನೆಯ ಮಹಾಯುದ್ಧಕ್ಕಿಳಿಯಬಾರದೆಂಬ ಆಂದೋಲನದಲ್ಲಿದ್ದ ಮಿನೆಸೋಟದ ಸೆನೆಟರ್ ಅರ್ನೆಸ್ಟ್ ಲಂಡೀನ್‌ಗೆ ಭಾಷಣಗಳನ್ನು ಬರೆದುಕೊಡುತ್ತಿದ್ದನು; ಕಾಂಗ್ರೆಸ್ಸಿನ ಕಲಾಪದ ದಾಖಲೆಯನ್ನು ಸೇರಿದ ಇಂತಹ ಭಾಷಣಗಳು ಮರುಮುದ್ರಣಗೊಂಡು, ಸದಸ್ಯರ ಉಚಿತ ಅಂಚೆಯ ಸೌಲಭ್ಯದಿಂದ ಮನೆಮನೆಗೆ ಹೋಗುತ್ತಿದ್ದುವು. ಬರ್ಲಿನ್ನಿನ ಮಾತನ್ನು ಅಮೆರಿಕೆಯ ಪ್ರಜೆಯೇ ತನ್ನ ತೆರಿಗೆಯ ಹಣದಿಂದ ತರಿಸಿಕೊಂಡಂತಾಯಿತು. ವಿದೇಶೀ ಸರ್ಕಾರಗಳ ಪರವಾಗಿ ದುಡಿಯುವವರು ನೋಂದಣಿ ಮಾಡಿಸಿಕೊಳ್ಳಬೇಕೆಂಬ 1938ರ ಶಾಸನವು ವೀರೆಕ್‌ನನ್ನು ಕಟಕಟೆಗೆ ತಂದಿತೇ ಹೊರತು, ಅವನ ಮಾತನ್ನು ತಮ್ಮದೆಂದು ಆಡಿದ ಜನಪ್ರತಿನಿಧಿಗಳ ಹೊಣೆಯನ್ನು ನಿರ್ಣಯಿಸಲಿಲ್ಲ.

1940ರ ಚುನಾವಣೆಯನ್ನು ಒಹಾಯೋದ ಒಂದು ಜಿಲ್ಲೆಯಲ್ಲಿ ಅಭ್ಯಸಿಸಿದ ಲಾಜರ್ಸ್‌ಫೆಲ್ಡ್ ಮತ್ತವನ ಸಂಗಡಿಗರು, ಪ್ರಚಾರವು ಮತದಾರನ ಮನಸ್ಸನ್ನು ತಿರುಗಿಸುವುದಕ್ಕಿಂತ ಇದ್ದ ಒಲವನ್ನೇ ದೃಢಪಡಿಸುವುದು ಹೆಚ್ಚೆಂದು 1944ರಲ್ಲಿ ತೋರಿಸಿದ ಮೇಲೆ, ಹಳೆಯ ಭೀತಿ ತಗ್ಗಿತು. ಅದರೊಡನೆ ಎಚ್ಚರವೂ ತಗ್ಗಿತೆಂಬುದು ನನ್ನ ವ್ಯಥೆ. ಶೀತಲ ಸಮರದ ಗುಪ್ತಚರ್ಯೆಯಾದರೋ ವಿರಮಿಸಲಿಲ್ಲ: ಏಡ್ಸ್ ರೋಗಾಣುವನ್ನು ಅಮೆರಿಕೆಯೇ ಸೃಷ್ಟಿಸಿತೆಂಬ ಸುಳ್ಳು 1983ರಲ್ಲಿ ನಮ್ಮ ದೆಹಲಿಯ 'ಪೇಟ್ರಿಯಟ್' ಪತ್ರಿಕೆಯಲ್ಲಿ ಅನಾಮಧೇಯ ಪತ್ರವಾಗಿ ಕಾಣಿಸಿಕೊಂಡು, ಎರಡು ವರ್ಷಗಳ ಬಳಿಕ ಸೋವಿಯತ್ ಪತ್ರಿಕೆಯಲ್ಲಿ 'ಭಾರತದ ವಾರ್ತೆ'ಯೆಂಬ ಗೌರವದೊಡನೆ ಮರಳಿ ಬಂದಿತು.

2016ರ ಅಮೆರಿಕೆಯ ಚುನಾವಣೆಯು ಸುಪ್ತವಾಗಿದ್ದ ಪ್ರಶ್ನೆಯನ್ನು ಎಚ್ಚರಿಸಿತು. ಆ ಅಕ್ಟೋಬರಿನಲ್ಲಿ, ಹಿಲರಿ ಕ್ಲಿಂಟನ್ನರ ಆಪ್ತನೊಬ್ಬನದೆಂದು ತಪ್ಪಾಗಿ ಆರೋಪಿಸಿದ ವಾಕ್ಯಗಳನ್ನು ಡೊನಾಲ್ಡ್ ಟ್ರಂಪ್ ಪೆನ್ಸಿಲ್ವೇನಿಯದ ಸಭೆಯಲ್ಲಿ ಓದಿದರು. ಅದೇ ತಪ್ಪು ರಷ್ಯದ 'ಸ್ಪುಟ್ನಿಕ್' ಸುದ್ದಿಸಂಸ್ಥೆಯಲ್ಲಿಯೂ ಪ್ರಕಟವಾಗಿ ಹಿಂತೆಗೆಯಲ್ಪಟ್ಟಿದ್ದಿತು. ಅಭ್ಯರ್ಥಿಗೆ ಅದು ಅಲ್ಲಿಂದಲೇ ಬಂದಿತೋ, ಟ್ವಿಟರಿನಲ್ಲಿ ಮೊದಲೇ ಸುಳಿದಾಡುತ್ತಿದ್ದುದು ಇಬ್ಬರಿಗೂ ಸಿಕ್ಕಿತೋ ಎಂಬ ವಿವಾದವೇ ಈ ಶಾಸ್ತ್ರದ ಅತ್ಯಂತ ಕಠಿನವಾದ ಗ್ರಂಥಿ. ಟೆನೆಸ್ಸೀ ರಿಪಬ್ಲಿಕನ್ನರ ಸೋಗು ಹಾಕಿದ್ದ ಟ್ವಿಟರ್ ಖಾತೆಯೊಂದರ ವಿಷಯದಲ್ಲಿ ಮಾತ್ರ ಅಂತಹ ಸಂದೇಹವಿಲ್ಲ: ಅದು ಸೇಂಟ್ ಪೀಟರ್ಸ್‌ಬರ್ಗಿನಿಂದ ನಡೆಯುತ್ತಿದ್ದುದನ್ನೂ, ಟ್ರಂಪ್ ಬಳಗದವರೇ ಅದರ ಬರಹಗಳನ್ನು ಹಂಚಿದುದನ್ನೂ ರಷ್ಯದ ಹಸ್ತಕ್ಷೇಪವನ್ನು ಕುರಿತ 2019ರ ಮುಲ್ಲರ್ ವರದಿ ದಾಖಲಿಸಿದೆ.

2023ರ ಅಧ್ಯಯನವೊಂದು ಇಂತಹ ರಷ್ಯನ್ ಖಾತೆಗಳ ಟ್ವಿಟರ್ ಬರಹಗಳು ಬಹುಪಾಲು ಒಂದು ಸಣ್ಣ ಗುಂಪಿಗೇ ತಲಪಿದುವೆಂದೂ, ಅವುಗಳಿಂದ ಅಭಿಪ್ರಾಯ ಬದಲಾದುದಕ್ಕೆ ಸಾಕ್ಷ್ಯವಿಲ್ಲವೆಂದೂ ಕಂಡುಕೊಂಡಿತು. ಅದು ಲೆಕ್ಕಹಾಕಿದುದು ಟ್ವಿಟರಿನಲ್ಲಿ ಕಣ್ಣಿಗೆ ಬಿದ್ದಿರಬಹುದಾದ ಬರಹವನ್ನು. ಅದೇ ಬಗೆಯ ಮಾತು ತಾವು ನಂಬಿದ ನಾಯಕನ ಕಂಠದಿಂದ ಸಭಾಂಗಣದಲ್ಲಿ ಹೊರಟಾಗ ಏನಾಗುತ್ತದೆಂಬುದು ಆ ಲೆಕ್ಕದ ಹೊರಗೇ ಉಳಿಯಿತು.