ಅರಗಿನ ತಟ್ಟೆಯ ನಾದ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಊರುಗಳಲ್ಲಿ ಯಾವುದಕ್ಕೂ ಗ್ರಾಮೋಫೋನಿನ ಕಾಲದಲ್ಲಿ ರೈಲಿನ ಸೌಕರ್ಯವಿರಲಿಲ್ಲ. ದಾವಣಗೆರೆಯಲ್ಲಿಯೋ ಶಿವಮೊಗ್ಗೆಯಲ್ಲಿಯೋ ಇಳಿದ ಸಾಮಾನು ಎತ್ತಿನ ಗಾಡಿಯಲ್ಲಾಗಲಿ ಮೋಟಾರಿನಲ್ಲಾಗಲಿ ಮುಂದೆ ಸಾಗಬೇಕಾಗಿದ್ದಿತು. ಕೈಜಾರಿದರೆ ಹೆಂಚಿನಂತೆ ಒಡೆಯುವ ಹಾಡಿನ ತಟ್ಟೆಗೆ ಇದು ಸುಖದ ಪ್ರಯಾಣವಲ್ಲ. ಆದರೂ ಇಂತಹ ಊರುಗಳಿಗೆ ಒಪ್ಪುವ ಒಂದು ಗುಣವು ಆ ಯಂತ್ರದಲ್ಲಿದ್ದಿತು: ಅದಕ್ಕೆ ವಿದ್ಯುಚ್ಛಕ್ತಿಯ ಹಂಗಿರಲಿಲ್ಲ. ಕೀಲಿ ಕೊಟ್ಟರೆ ಒಳಗಿನ ಉಕ್ಕಿನ ಸುರುಳಿಯು ಬಿಚ್ಚಿಕೊಳ್ಳುತ್ತ ತಟ್ಟೆಯನ್ನು ನಿಮಿಷಕ್ಕೆ ಸುಮಾರು 78 ಸುತ್ತು ತಿರುಗಿಸುವುದು. ಮುಳ್ಳು ಗೆರೆಯಲ್ಲಿ ನಡುಗುವುದು. ಆ ನಡುಕವು ತೆಳುವಾದ ಪೊರೆಗೆ ತಾಗಿ ಕಹಳೆಯ ಬಾಯಿಂದ ಹಾಡಾಗಿ ಹೊರಡುವುದು.

ಆ ತಟ್ಟೆಯ ಮೈ ಅರಗು, ಕಲ್ಲಿನ ಪುಡಿ, ಮಸಿಗಳ ಮಿಶ್ರಣ. ಛೋಟಾನಾಗಪುರದ ಕಡೆಯ ಮುತ್ತುಗ ಮುಂತಾದ ಮರಗಳ ಕೊಂಬೆಗಳಲ್ಲಿ ಕೀಟಗಳು ಸುರಿಸಿದ ಅರಗು ಹಡಗನ್ನೇರಿ ಯೂರೋಪು ಅಮೆರಿಕಗಳನ್ನು ಸೇರುತ್ತಿದ್ದಿತು. ಜಗತ್ತಿಗೆ ಬೇಕಾದ ಅರಗಿನಲ್ಲಿ ಬಹುಪಾಲು ನಮ್ಮ ದೇಶದ್ದೇ ಆಗಿದ್ದುದರಿಂದ, ಅಮೆರಿಕದ ಜಾಜ್ ಸಂಗೀತವು ಮೊದಲು ಮೂಡಿದುದೂ ಬಹುಮಟ್ಟಿಗೆ ಈ ನೆಲದ ಅರಗಿನ ಮೇಲೆಯೇ ಎನ್ನಬಹುದು.

ಆ ಜಾಜಿನ ಚರಿತ್ರೆಯಲ್ಲಿ ವಿಚಾರಿಸತಕ್ಕ ಸಂಗತಿಯೊಂದುಂಟು. ನ್ಯೂ ಆರ್ಲಿಯನ್ಸ್ ಪಟ್ಟಣದ ಆಫ್ರಿಕಮೂಲದ ಜನರು ಮುಖ್ಯವಾಗಿ ಬೆಳೆಸಿದ ಸಂಗೀತ ಅದು. ಆದರೆ 1917ರ ಫೆಬ್ರವರಿ 26ರಂದು ನ್ಯೂಯಾರ್ಕಿನಲ್ಲಿ ಮುದ್ರಿತವಾಗಿ, ಮೊದಲ ಜಾಜ್ ತಟ್ಟೆಯೆಂದು ಹೆಸರಾದುದು ಐವರು ಬಿಳಿಯರ ಮೇಳದ್ದು. ಕಿಂಗ್ ಆಲಿವರನ ಮೇಳವು ಯುವಕ ಲೂಯಿ ಆರ್ಮ್‌ಸ್ಟ್ರಾಂಗನೊಡನೆ ಮುದ್ರಣದ ಕಹಳೆಯ ಮುಂದೆ ನಿಂತುದು 1923ರಲ್ಲಿ. ಅವರಿಗಿಂತ ಹಿಂದಿನ ಬಡ್ಡಿ ಬೋಲ್ಡನನ ವಾದನವಾದರೋ ಒಂದು ತಟ್ಟೆಯಲ್ಲಿಯೂ ಉಳಿದಿಲ್ಲ. ತಟ್ಟೆಗಳನ್ನೇ ಸಾಕ್ಷಿಯಾಗಿ ಕರೆಯುವ ಚರಿತ್ರಕಾರನು ಆ ಸಾಕ್ಷಿಗೆ ಪಾಟೀಸವಾಲನ್ನೂ ಹಾಕಬೇಕಾಗುವುದು.

1925ಕ್ಕೆ ಮುಂಚೆ ಧ್ವನಿಮುದ್ರಣದಲ್ಲಿ ಸಾಮಾನ್ಯವಾಗಿ ಮೈಕ್ರೋಫೋನಿನ ಬಳಕೆಯಿರಲಿಲ್ಲ. ಹಾಡುವವರು ದೊಡ್ಡ ಕಹಳೆಯೊಳಕ್ಕೆ ಬಾಯಿಟ್ಟು ಹಾಡಬೇಕು. ಆ ಶಬ್ದದ ಬಲವೇ ಮೇಣದಲ್ಲಿ ಗೆರೆ ಕೊರೆಯಬೇಕು. ಕಂಚಿನ ಕಂಠಕ್ಕೂ ತುತ್ತೂರಿಗೂ ಒಲಿದ ಆ ಕಹಳೆ ವೀಣೆಯ ಸೂಕ್ಷ್ಮಕ್ಕೆ ಒಲಿಯಲಿಲ್ಲ; ದೊಡ್ಡ ನಗಾರಿಯಾದರೆ ಮುಳ್ಳೇ ಗೆರೆ ತಪ್ಪುವಷ್ಟು ಆಘಾತ. ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಮಾತ್ರ ಹಿಡಿಸುವುದು. ಗಂಟೆಗಟ್ಟಲೆ ವಿಸ್ತರಿಸತಕ್ಕ ರಾಗವು ಅಷ್ಟರಲ್ಲಿ ಮುಗಿಯಬೇಕು. ನಮ್ಮ ನಾಟಕದ ಹಾಡುಗಳಿಗೆ ಈ ಎರಡು ಕಟ್ಟುಗಳೂ ಬಾಧಕವಾಗಲಿಲ್ಲ. ಧ್ವನಿವರ್ಧಕವಿಲ್ಲದೆ ಹಿಂದಿನ ಚಾಪೆಯವನಿಗೂ ಮುಟ್ಟುವಂತೆ ಹಾಡಿ ಪಳಗಿದ ಕಂಠಗಳವು, ಹಾಡುಗಳೂ ಚಿಕ್ಕವು. ಕಂಪನಿಯು ಡೇರೆ ಕಿತ್ತು ಹೋದ ಮೇಲೂ ಅದರ ಹಾಡು ಊರಿನ ಪಡಸಾಲೆಯಲ್ಲಿ ಉಳಿಯುವಂತಾದುದು ಹೀಗೆ.

ಹಿಂದೂದೇಶದ ಗಾಯಕರಲ್ಲಿ ಈ ಮೂರು ನಿಮಿಷದ ಮರ್ಮವನ್ನು ಮೊದಲು ಅರಿತವರೆಂದರೆ ಗೌಹರ್ ಜಾನ್. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗನು ಕಲಕತ್ತೆಯಲ್ಲಿ ಆಕೆಯ ಗಾನವನ್ನು ಮುದ್ರಿಸಿದನು. ಹಾಡಿನ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವುದುಂಟು. ಆಗ ತಟ್ಟೆಗಳು ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚಾಗುತ್ತಿದ್ದವು. ಯಾರ ಹಾಡೆಂದು ಅಲ್ಲಿಯವರಿಗೆ ತಿಳಿಯಲೆಂದೇ ಈ ಏರ್ಪಾಡು ಎನ್ನುವರು. 1908ರಲ್ಲಿ ಕಲಕತ್ತೆಯ ಸಿಯಾಲ್ದಾದಲ್ಲಿಯೇ ಕಾರ್ಖಾನೆಯಾಯಿತು. ದೇಶವೆಲ್ಲ ಕೇಳಿದ ಈ ಗಾಯಕಿಯನ್ನು 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನ ಆಸ್ಥಾನಕ್ಕೆ ಬರಮಾಡಿಕೊಂಡರು. ವೈಭವವೆಲ್ಲ ಕರಗಿದ್ದ ಕಾಲವದು. 1930ರ ಜನವರಿ 17ರಂದು ಮೈಸೂರಿನಲ್ಲಿಯೇ ಆಕೆಯ ದೇಹಾಂತವಾಯಿತು.

ಮೈಕ್ರೋಫೋನು ಬಂದ ಮೇಲೆ ಮೆಲುದನಿಗೂ ಎಡೆಯಾಯಿತು. ಆದರೆ ಹೆಸರಿನ ವಿಷಯದಲ್ಲಿ ತಟ್ಟೆಯ ಮಾತನ್ನು ಪೂರ್ತಿ ನಂಬುವಂತಿಲ್ಲ. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರ ಹಾಡುಗಳು ಹೊರಬಂದುದು ‘ಗಾಂಧಾರಿ’ ಎಂಬ ಹೆಸರಿನಿಂದ. ಇದನ್ನರಿಯದವನು ಒಬ್ಬರನ್ನೇ ಇಬ್ಬರೆಂದು ಎಣಿಸಿಯಾನು.

ತಟ್ಟೆಗಳಿಗೆ ಮೊದಲ ಶತ್ರು ಅವನ್ನು ಕೇಳುವ ಪ್ರೀತಿಯೇ. ತಟ್ಟೆಯೊಳಗಿನ ಕಲ್ಲಿನ ಪುಡಿ ಉಕ್ಕಿನ ಮುಳ್ಳನ್ನು ಸವೆಸುವುದರಿಂದ ಪ್ರತಿಯೊಂದು ಮಗ್ಗುಲಿಗೂ ಹೊಸ ಮುಳ್ಳು ಹಾಕತಕ್ಕದ್ದೆಂಬುದು ನಿಯಮ. ಮುಳ್ಳಿನ ಡಬ್ಬಿಗೆ ಕಾಸು ಉಳಿಸಿದ ಮನೆಗಳಲ್ಲಿ ಮೊಂಡು ಮುಳ್ಳು ಹಾಡನ್ನೇ ಉತ್ತುಹಾಕಿತು. ಎರಡನೆಯ ಮಹಾಯುದ್ಧವು ಮತ್ತೊಂದು ಪೆಟ್ಟು. ಅರಗು ಯುದ್ಧದ ಕೆಲಸಕ್ಕೆ ಬೇಕಾಗಿ, 1942ರಲ್ಲಿ ಅಮೆರಿಕ ಸರ್ಕಾರವು ತಟ್ಟೆಗಳಿಗೆ ಕೊಡುವ ಅರಗನ್ನು ಬಲವಾಗಿ ಕಡಿತಗೊಳಿಸಿತು. ಹಳೆಯ ತಟ್ಟೆ ತಂದುಕೊಟ್ಟವರಿಗೇ ಹೊಸದೆಂಬ ಪದ್ಧತಿ ಅಂಗಡಿಗಳಲ್ಲಿ ಬಂದಿತು. ಹೀಗೆ ಹಿಂದಿನವರ ಹಾಡು ಪುಡಿಯಾಗಿ, ಮುಂದಿನವರ ಹಾಡಿಗೆ ಮಣ್ಣಾಯಿತು.

ಹೊನ್ನಾಳಿಯದೋ ಜಗಳೂರಿನದೋ ಹಳೆಯ ಮನೆಯ ಅಟ್ಟದಲ್ಲಿ ಇಂತಹ ತಟ್ಟೆಯೊಂದು ಸಿಕ್ಕಿದರೆ, ಅದರ ಕಾಗದದ ಚೀಟಿಯನ್ನು ಗೆದ್ದಲು ತಿಂದಿರಬಹುದು. ಅಷ್ಟರಿಂದಲೇ ಅದು ಅನಾಮಧೇಯವಾಗಲಿಲ್ಲ. ಹಾಡಿನ ಗೆರೆಗಳು ಮುಗಿದು ಚೀಟಿ ಮೊದಲಾಗುವ ನಡುವಿನ ನುಣುಪಾದ ಪಟ್ಟಿಯನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡಿದರೆ, ಮುದ್ರಣಕಾಲದಲ್ಲಿ ಕೊಟ್ಟ ಸಂಖ್ಯೆ ಅಲ್ಲಿ ಸಣ್ಣದಾಗಿ ಕಾಣಿಸುವುದು. ಕಂಪನಿಯ ಪಟ್ಟಿಗಳಲ್ಲಿ ಆ ಸಂಖ್ಯೆಯನ್ನು ಹುಡುಕಿ, ಹಾಡಿದವರು ಯಾರೆಂಬುದನ್ನು ಎಷ್ಟೋ ಸಲ ಗೊತ್ತುಮಾಡಬಹುದು.